ಪಂಕ್ಚರ್ ಆದ ದಿನ ಅಪ್ಪ ಯಾಕೆ ಶಹಬ್ಬಾಸ್ ಅನ್ನಲಿಲ್ಲ? ಸ್ಯಾಂಡ್ರಾ ಡೇ ಓ'ಕಾನರ್ ಅವರ ಬಾಲ್ಯದ ನೆನಪುಗಳು

ಓದುಗಮ್ಮ_ಮೈಸೂರು
ಅಮೆರಿಕದ ಸುಪ್ರೀಂ ಕೋರ್ಟಿಗೆ 1981ರಲ್ಲಿ ಮೊದಲ ಮಹಿಳಾ ನ್ಯಾಯಮೂರ್ತಿಯಾಗಿ ಬಂದ ಸ್ಯಾಂಡ್ರಾ ಡೇ ಓ'ಕಾನರ್ ಹುಟ್ಟಿದ್ದು 1930ರಲ್ಲಿ, ಬೆಳೆದದ್ದು ಅರಿಜೋನಾ ಮತ್ತು ನ್ಯೂ ಮೆಕ್ಸಿಕೋ ಗಡಿಯ ‘ಲೇಜಿ ಬಿ’ ಅನ್ನೋ ದನದ ರಾಂಚ್‌ನಲ್ಲಿ. ಆ ದಿನಗಳನ್ನ ತಮ್ಮನಾದ ಆಲನ್ ಡೇ ಜೊತೆ ಸೇರಿ 2002ರಲ್ಲಿ ಪುಸ್ತಕ ಮಾಡಿದರು. ನಮ್ಮ ಓದುಗರ ಬಳಗದಲ್ಲಿ ಈ ಸಲ ಅದೇ ಚರ್ಚೆಗೆ ಇದೆ.

ಕೌಬಾಯ್ ಅಪ್ಪ ಹ್ಯಾರಿ ಡೇ ಬಗ್ಗೆ ಮಗಳಿಗಿರೋ ಅಕ್ಕರೆ ಪುಟಪುಟಕ್ಕೂ ಕಾಣುತ್ತೆ. ಆದರೆ ಒಂದು ಪ್ರಸಂಗದಲ್ಲಿ ನಮ್ಮ ಬಳಗ ಎರಡು ಪಾಲಾಗಿದೆ. ಹದಿಹರೆಯದ ಹುಡುಗಿ ಒಬ್ಬಳೇ ಟ್ರಕ್ಕಿನಲ್ಲಿ ದನ ಕೂಡಿಸಿದ ಜಾಗಕ್ಕೆ ಕೆಲಸದವರ ಊಟ ತಗೊಂಡು ಹೋಗ್ತಾಳೆ. ದಾರಿಯಲ್ಲಿ ಪಂಕ್ಚರ್. ಸುತ್ತ ಯಾರೂ ಇಲ್ಲ, ತಾನೇ ಚಕ್ರ ಬದಲಿಸಿ ತಡವಾಗಿ ತಲುಪ್ತಾಳೆ. ಅಪ್ಪ ಶಹಬ್ಬಾಸ್ ಅನ್ನೋದು ಬಿಟ್ಟು, ಇನ್ನೂ ಬೇಗ ಹೊರಡಬೇಕಿತ್ತು ಅನ್ನೋ ಅರ್ಥದ ಮಾತಾಡ್ತಾರೆ. ಅರ್ಧ ಜನ ‘ಎಂಥ ಕಲ್ಲು ಮನಸ್ಸು’ ಅಂತಾರೆ, ಉಳಿದವರು ‘ಕೆಲಸ ಗೊತ್ತಿದ್ದವರಿಗೆ ಮಾತ್ರ ಇದು ಅರ್ಥ ಆಗೋದು’ ಅಂತಾರೆ. ಆ ಕೆಲಸ ಏನು ಅಂತ ಗೊತ್ತಿರೋರು ವಿವರ ಕೊಡ್ತೀರಾ? ಭಾವನೆ ಬೇಡ, ಕೆಲಸದ ಲೆಕ್ಕ ಬೇಕು.

ಗ್ಯಾರೇಜ್_ಗುಂಡ
ಚಕ್ರದ ವಿಷಯ ಮೊದಲು ಹೇಳಿಬಿಡ್ತೀನಿ ಮೇಡಂ, ಓದುಗರು ಅದನ್ನ ಸಲೀಸಾಗಿ ದಾಟಿಬಿಡ್ತಾರೆ.

ಆ ಪ್ರಸಂಗದಲ್ಲಿ ನಟ್‌ಗಳು ತುಕ್ಕು ಹಿಡಿದು ಕಚ್ಚಿಕೊಂಡಿರ್ತವೆ. ಹುಡುಗಿ ಮೊದಲು ಜಾಕ್ ಏರಿಸ್ತಾಳೆ, ಪಾನಾ ಹಾಕಿ ತಿರುಗಿಸಿದ್ರೆ ನಟ್ ಬಿಡಲ್ಲ, ಚಕ್ರವೇ ತಿರುಗುತ್ತೆ. ಎತ್ತಿದ ಚಕ್ರಕ್ಕೆ ನೆಲದ ಹಿಡಿತ ಇಲ್ಲ, ಹಾಕಿದ ಬಲವೆಲ್ಲ ಚಕ್ರ ತಿರುಗಿಸೋಕೇ ಹೋಗುತ್ತೆ. ಮತ್ತೆ ಗಾಡಿ ಕೆಳಗಿಳಿಸಿ, ಪಾನಾದ ಹಿಡಿ ಮೇಲೆ ಹತ್ತಿ ಮೈಭಾರ ಬಿಟ್ಟು ಕುಪ್ಪಳಿಸಿ ನಟ್ ಸಡಿಲ ಮಾಡ್ತಾಳೆ. ಆಮೇಲೆ ಪುನಃ ಜಾಕ್. ಸರಿಯಾದ ಕ್ರಮ ಅದೇ: ನೆಲದ ಮೇಲಿದ್ದಾಗಲೇ ಪ್ರತಿ ನಟ್ಟನ್ನೂ ಅರ್ಧ ಸುತ್ತು ಸಡಿಲಿಸಬೇಕು, ಪೂರ್ತಿ ಬಿಚ್ಚಬಾರದು. ಎದುರು ಮೂಲೆಯ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಮರಳು ನೆಲ ಆದ್ರೆ ಜಾಕ್ ಕೆಳಗೆ ಹಲಗೆ ಬೇಕೇ ಬೇಕು. ಇಲ್ಲಾಂದ್ರೆ ಗಾಡಿ ಮೇಲೆ ಬರೋ ಬದಲು ಜಾಕ್ ಒಳಗೆ ಹೋಗುತ್ತೆ. ಸ್ಟೆಪ್ನಿ ಕೂರಿಸಿದ ಮೇಲೆ ನಟ್‌ಗಳನ್ನ ಎದುರುಬದುರು ಬಿಗಿಸಬೇಕು. ಸಾಲಾಗಿ ಬಿಗಿಸಿದ್ರೆ ಚಕ್ರ ಓರೆಯಾಗಿ ಕೂತು ಸ್ವಲ್ಪ ದೂರಕ್ಕೇ ಸಡಿಲ ಆಗುತ್ತೆ. ಕೆಳಗಿಳಿಸಿದ ಮೇಲೆ ಇನ್ನೊಂದು ಸಲ ಬಿಗಿ.

ಆ ಕಾಲದ ಕೆಲವು ಡಾಡ್ಜ್ ಗಾಡಿಗಳಲ್ಲಿ ಎಡಗಡೆ ಚಕ್ರದ ನಟ್‌ಗೆ ಉಲ್ಟಾ ತಿರುಪು ಇರ್ತಿತ್ತು. ಗೊತ್ತಿಲ್ಲದವರು ಬಿಚ್ಚೋಕೆ ಹೋಗಿ ಇನ್ನಷ್ಟು ಬಿಗಿ ಮಾಡ್ತಿದ್ರು. ಇವರದ್ದು ಅದೇ ಗಾಡಿ ಅಂತ ಹೇಳ್ತಿಲ್ಲ. ಒಬ್ಬರೇ ಇದ್ರೆ ಒಂದು ಗಂಟೆ ಕೈಬಿಟ್ಟು ಹೋಗೋದು ಮಾಮೂಲು ಅಂತಷ್ಟೇ.

ಟುಸಾನ್_ಕನ್ನಡಿಗ
ಊಟ ಒಂದು ಗಂಟೆ ತಡ ಆದ್ರೆ ಏನಾಗುತ್ತೆ ಅನ್ನೋದು ನಾನು ಹೇಳ್ತೀನಿ. ಅದಕ್ಕೆ ಮುಂಚೆ ಒಂದು ಸಣ್ಣ ತಿದ್ದುಪಡಿ: ಹ್ಯಾರಿ ಡೇ ಕೌಬಾಯ್ ಅನ್ನೋದಕ್ಕಿಂತ ರಾಂಚ್‌ನ ಯಜಮಾನ. 1880ರ ಸುಮಾರಿಗೆ ಅವರ ಅಪ್ಪ ಹೆನ್ರಿ ಕ್ಲೇ ಡೇ ಶುರು ಮಾಡಿದ ರಾಂಚ್ ಅದು. ಹ್ಯಾರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದೋ ಆಸೆ ಇತ್ತು. ಅಪ್ಪ ತೀರಿಹೋಗಿ ಹಿಂದಕ್ಕೆ ಬರಬೇಕಾಯ್ತು, ಉಳಿದೇಬಿಟ್ಟರು. (1946ರಲ್ಲಿ ಸ್ಟ್ಯಾನ್‌ಫರ್ಡ್‌ಗೆ ಹೋಗಿದ್ದು ಮಗಳು, ಹದಿನಾರನೇ ವಯಸ್ಸಿಗೆ.) ಸಂಬಳದ ಕೌಬಾಯ್‌ಗಳು ಬೇರೆ ಇದ್ದರು. ಆದರೆ ಯಜಮಾನನೂ ಅವರ ಜೊತೆಗೇ ಕುದುರೆ ಹತ್ತಿ, ಅವರಷ್ಟೇ ಧೂಳು ತಿಂದು ಕೆಲಸ ಮಾಡ್ತಿದ್ದರಿಂದ ಮಗಳ ಕಣ್ಣಿಗೆ ವ್ಯತ್ಯಾಸ ಕಾಣದೇ ಇದ್ದರೆ ಆಶ್ಚರ್ಯ ಇಲ್ಲ.

ಈಗ ಆ ದಿನದ ಲೆಕ್ಕ. ರಾಂಚ್ ಸುಮಾರು 300 ಚದರ ಮೈಲಿ, ಬಹುಪಾಲು ಸರ್ಕಾರದಿಂದ ಗೇಣಿಗೆ ಪಡೆದ ಮೇವಿನ ಜಮೀನು. ಮಳೆ ಕಡಿಮೆ, ಹುಲ್ಲು ತೆಳು, ಹಾಗಾಗಿ ದನ ದೂರ ದೂರ ಚದುರಿರ್ತವೆ. ಬೆಳಕು ಹರಿಯೋ ಮುಂಚೆಯೇ ಸವಾರರು ಹೊರಟು ದೊಡ್ಡ ಅರ್ಧಚಂದ್ರದ ಹಾಗೆ ಹರಡಿಕೊಂಡು, ದನಗಳನ್ನ ಒಂದು ನೀರಿನ ಜಾಗದ ಕಡೆ ತಳ್ತಾ ಬರ್ತಾರೆ. ಓಡಿಸೋ ಹಾಗಿಲ್ಲ. ಓಡಿಸಿದ್ರೆ ಕರು ತಾಯಿಯಿಂದ ಬೇರೆಯಾಗುತ್ತೆ, ತಾಯಿ ಕೊನೆಗೆ ಹಾಲು ಕೊಟ್ಟ ಜಾಗಕ್ಕೇ ವಾಪಸ್ ಓಡುತ್ತೆ. ದನ ಕೂಡಿದ ಮೇಲೆ ಒಂದಿಷ್ಟು ಸವಾರರು ಸುತ್ತ ನಿಂತು ಹಿಂಡು ಹಿಡೀತಾರೆ, ಇಬ್ಬರು ಹಗ್ಗ ಬೀಸ್ತಾರೆ, ನೆಲದ ಮೇಲಿನವರು ಕರು ಕೆಡವಿ ಕಾದ ಕಬ್ಬಿಣದಿಂದ ರಾಂಚ್‌ನ ಗುರುತಿನ ಮುದ್ರೆ ಒತ್ತುತ್ತಾರೆ. ಬೆಂಕಿ ಹೊತ್ತಿದ ಮೇಲೆ, ಕಬ್ಬಿಣ ಕಾದ ಮೇಲೆ ಒಬ್ಬೊಬ್ಬರಾಗಿ ಊಟಕ್ಕೆ ಹೋಗೋ ಏರ್ಪಾಡು ಇಲ್ಲ. ಎಲ್ಲರೂ ಒಟ್ಟಿಗೆ ನಿಲ್ಲಿಸಬೇಕು, ಇಲ್ಲಾಂದ್ರೆ ಎಲ್ಲರೂ ಮುಗಿಸಬೇಕು.

ಹಾಗಾಗಿ ಊಟ ಬರೋ ಹೊತ್ತು ಅಂದ್ರೆ ಆ ದಿನದ ಕೆಲಸಕ್ಕೆ ಹಾಕಿದ ಗಂಟು. ಬರಲಿಲ್ಲ ಅಂದ್ರೆ ನಸುಕಿನಿಂದ ಹೊಟ್ಟೆಗೆ ಇಲ್ಲದ ಜನ ಹಗ್ಗ ಬೀಸ್ತಾರೆ. ಹಗ್ಗದ ಕೆಲಸದಲ್ಲಿ ಸುಸ್ತು ಅಂದ್ರೆ ಬೆರಳು. ಕರು ಸಿಕ್ಕ ಕೂಡಲೇ ಹಗ್ಗದ ತುದಿಯನ್ನ ಜೀನಿನ ಮುಂದಿನ ಕೊಂಬಿಗೆ ಗಡಿಯಾರಕ್ಕೆ ವಿರುದ್ಧವಾಗಿ ಸುತ್ತಬೇಕು, ಸುತ್ತುವಾಗ ಹೆಬ್ಬೆರಳು ಮೇಲಕ್ಕಿರಬೇಕು. ಹೆಬ್ಬೆರಳು ಹಗ್ಗ ಮತ್ತು ಕೊಂಬಿನ ನಡುವೆ ಸಿಕ್ಕಿದ ಕ್ಷಣ ಆ ಕಡೆ ಕರು ಜಗ್ಗಿದ್ರೆ ಬೆರಳು ಹೋಯ್ತು ಅಂತಲೇ. ಬೆರಳಿಲ್ಲದ ಹಗ್ಗಗಾರರು ಆ ಸೀಮೆಯಲ್ಲಿ ಅಪರೂಪ ಅಲ್ಲ.

ದನದ_ಡಾಕ್ಟ್ರು
ಟುಸಾನ್ ಸರ್ ಜನದ ಕಡೆಯಿಂದ ಹೇಳಿದ್ರು, ನಾನು ಕರು ಕಡೆಯಿಂದ ಹೇಳ್ತೀನಿ.

ಆ ಒಂದು ನಿಮಿಷದಲ್ಲಿ ಕರುವಿಗೆ ಆಗೋದು ಮುದ್ರೆ ಮಾತ್ರ ಅಲ್ಲ. ಕಿವಿಗೆ ಗುರುತಿನ ಕಚ್ಚು, ಗಂಡಾದರೆ ಬೀಜ ತೆಗೆಯೋದು, ಕೊಂಬಿನ ಮೊಳಕೆ ತೆಗೆಯೋದು, ಚಪ್ಪೆ ರೋಗಕ್ಕೆ ಲಸಿಕೆ. ಅಂದ್ರೆ ಒಂದೇ ಸಲಕ್ಕೆ ಮೂರು ನಾಲ್ಕು ಹಸಿ ಗಾಯ. ಇಷ್ಟು ಹೊತ್ತೂ ತಾಯಿ ಆಚೆ ಅರಚ್ತಾ ಇರುತ್ತೆ. ಕೆಲಸ ಮುಗಿದ ಮೇಲೆ ಹಿಂಡನ್ನ ಹಾಗೇ ಬಿಟ್ಟು ಹೊರಡೋ ಹಾಗಿಲ್ಲ. ಪ್ರತಿ ಕರು ತನ್ನ ತಾಯಿಯನ್ನ ಹುಡುಕಿ ಮೊಲೆಗೆ ಬಾಯಿ ಹಾಕೋವರೆಗೆ ಸವಾರರು ಕಾಯಬೇಕು. ಇದು ಕತ್ತಲಾಗೋ ಮುಂಚೆ ಆಗಬೇಕು. ತಡವಾದರೆ ಗಾಯದ ಕರು ರಾತ್ರಿ ಒಂಟಿಯಾಗಿ ಕಾಯೋಟೆ ಅನ್ನೋ ಚಿಕ್ಕ ತೋಳಗಳ ಬಾಯಿಗೆ.

ಬಿಸಿಲಿನ ಲೆಕ್ಕ ಇನ್ನೊಂದು. ಬೇಸಿಗೆಯಲ್ಲಿ ಅಲ್ಲಿ 38 ಡಿಗ್ರಿ ದಾಟೋದು ಮಾಮೂಲು. ಕಟ್ಟಿ ಎಳೆದ ಕರುವಿನ ಮೈ ಮೊದಲೇ ಕಾದಿರುತ್ತೆ, ಅದಕ್ಕೇ ಈ ಕೆಲಸ ಎಷ್ಟು ಬೆಳಿಗ್ಗೆ ಮುಗಿದರೆ ಅಷ್ಟು ಒಳ್ಳೇದು.

ಇನ್ನು ಆ ಕಾಲಕ್ಕೆ ಇದ್ದ ದೊಡ್ಡ ಭಯ ಸ್ಕ್ರೂವರ್ಮ್ ನೊಣ. ನಮ್ಮಲ್ಲಿ ಗಾಯಕ್ಕೆ ಹುಳ ಬಿತ್ತು ಅಂತೀವಲ್ಲ, ನೊಣದ ಹುಳಗಳಲ್ಲಿ ಹಲವು ಜಾತಿ ಕೊಳೆತ ಮಾಂಸ ತಿನ್ನೋವು. ಇದು ಹಾಗಲ್ಲ, ಜೀವಂತ ಮಾಂಸವನ್ನೇ ಕೊರೆಯುತ್ತೆ. ಗಾಯದ ಅಂಚಿನಲ್ಲಿ ಒಂದೇ ಸಲ 200-300 ಮೊಟ್ಟೆ ಇಡುತ್ತೆ, ಒಂದು ದಿನದೊಳಗೆ ಮರಿ, ವಾರದ ಹೊತ್ತಿಗೆ ಕರು ಸಾಯಬಹುದು. ಆಗ ತಾನೇ ಹುಟ್ಟಿದ ಕರುವಿನ ಹೊಕ್ಕುಳೂ ಸಾಕು ಅದಕ್ಕೆ. 1940ರ ದಶಕದಲ್ಲಿ ‘ಸ್ಮಿಯರ್ 62’ ಅನ್ನೋ ಕಪ್ಪು ಲೇಪ ಬಂತು, ಡೈಫಿನೈಲ್ ಅಮೀನ್ ಮತ್ತು ಬೆಂಜಾಲ್ ಬೆರೆಸಿದ್ದು. ಅದನ್ನ ಹಚ್ಚೋಕೆ ಮತ್ತೆ ಕರು ಹಿಡೀಬೇಕು. 300 ಚದರ ಮೈಲಿಯಲ್ಲಿ ಹುಳ ಬಿದ್ದ ಒಂದು ಕರು ಹುಡುಕೋದು ಹೇಗೆ ಅಂತ ನೀವೇ ಊಹಿಸಿ. ಕುದುರೆ ಮೇಲೆ ಕೂತು ದಿನಾ ಹಿಂಡು ನೋಡೋದೇ ದಾರಿ. ವಿಕಿರಣದಿಂದ ಬಂಜೆ ಮಾಡಿದ ಗಂಡು ನೊಣಗಳನ್ನ ಕೋಟಿಗಟ್ಟಲೆ ಬಿಟ್ಟು ಈ ಕೀಟವನ್ನ ನೈಋತ್ಯ ಅಮೆರಿಕದಲ್ಲಿ ಅಳಿಸೋ ಕೆಲಸ ಶುರುವಾಗಿದ್ದು 1962ರಲ್ಲಿ. ಹೆಣ್ಣು ನೊಣ ಜೀವಮಾನದಲ್ಲಿ ಒಂದೇ ಸಲ ಕೂಡುತ್ತೆ, ಆ ಉಪಾಯ ನಿಂತಿದ್ದೇ ಇದರ ಮೇಲೆ. ಸ್ಯಾಂಡ್ರಾ ಬಾಲ್ಯದಲ್ಲಿ ಅದು ಯಾವುದೂ ಇರಲಿಲ್ಲ.

ಹೂಂ_ಆದ್ರೆ
ಕೆಲಸದ ಲೆಕ್ಕ ಎಲ್ಲ ಒಪ್ಪಿದೆ ಡಾಕ್ಟ್ರೇ. ಆದ್ರೆ ‘ಚೆನ್ನಾಗಿ ಮಾಡಿದೆ ಮಗಳೇ’ ಅನ್ನೋಕೆ ಎಷ್ಟು ಸೆಕೆಂಡ್ ಬೇಕು? ಕರು ಕೆಡವೋ ಹೊತ್ತಲ್ಲೂ ಅಷ್ಟು ಬಿಡುವು ಸಿಗುತ್ತೆ. ಯಜಮಾನಿಕೆಯ ಗತ್ತಿಗೆ ಬಿಸಿಲು, ಹುಳ ಅಂತ ಕಾರಣ ಕೊಡಬೇಡಿ.

ಟುಸಾನ್_ಕನ್ನಡಿಗ
@ಹೂಂ_ಆದ್ರೆ ಸರ್, ಮಾತು ಇರಲಿಲ್ಲ ಅನ್ನೋದು ನಿಜ. ಆದರೆ ಆ ವಯಸ್ಸಿನ ಹುಡುಗಿ ಕೈಗೆ ಟ್ರಕ್ ಕೊಟ್ಟು, ಗುರುತಿನ ಬೋರ್ಡ್ ಒಂದೂ ಇಲ್ಲದ ಮಣ್ಣು ದಾರಿಯಲ್ಲಿ, ಇಡೀ ತಂಡದ ಊಟ ನಂಬಿ ಕಳಿಸಿದ್ದೂ ಅದೇ ಅಪ್ಪ. ಕೌಬಾಯ್ ಒಬ್ಬ ತಡವಾಗಿ ಬಂದಿದ್ರೆ ಏನು ಹೇಳ್ತಿದ್ರೋ ಅದನ್ನೇ ಮಗಳಿಗೂ ಹೇಳಿದ್ರು. ದನ ಕೂಡಿಸೋ ಕೆಲಸ ಆವರೆಗೆ ಬರೀ ಗಂಡಸರದ್ದು. ಅದರಲ್ಲಿ ತನ್ನನ್ನ ಸೇರಿಸಿಕೊಂಡದ್ದೇ ಗಂಡಸರ ಕೂಟಕ್ಕೆ ತನ್ನ ಮೊದಲ ಪ್ರವೇಶ ಅಂತ ಆಕೆಯೇ ಮುಂದೆ ಹೇಳಿದ್ದಾರೆ.

ಹೂಂ_ಆದ್ರೆ
ಎರಡೂ ಮಾಡಬಹುದಿತ್ತು. ನನ್ನ ಮಾತು ಅಷ್ಟೇ.

ಓದುಗಮ್ಮ_ಮೈಸೂರು
ಇಬ್ಬರ ಮಾತೂ ಬಳಗದಲ್ಲಿ ಓದ್ತೀನಿ. ಒಂದು ಸಂಗತಿ ಸೇರಿಸಬೇಕು: ಆರನೇ ವಯಸ್ಸಿನಿಂದ ಶಾಲೆಯ ತಿಂಗಳುಗಳಲ್ಲಿ ಆಕೆ ಟೆಕ್ಸಸ್‌ನ ಎಲ್ ಪಾಸೋ ಊರಲ್ಲಿ ಅಜ್ಜಿ ಮನೆಯಲ್ಲಿದ್ದರು. ಅಪ್ಪ ಸಿಗ್ತಿದ್ದದ್ದೇ ರಜೆಯಲ್ಲಿ. ತಂಗಿ, ತಮ್ಮ ಹುಟ್ಟೋವರೆಗೆ ಎಂಟು ವರ್ಷ ಒಬ್ಬಳೇ ಮಗು. ಹಾಗಾಗಿ ಅಪ್ಪನ ಜೊತೆ ಜೀಪು, ಟ್ರಕ್ಕು ಹತ್ತಿ ಬಾವಿ ಬಾವಿ ಸುತ್ತಿದ್ದೇ ನೆನಪಲ್ಲಿ ಗಟ್ಟಿಯಾಗಿ ಕೂತಿದೆ.

ಅಲ್ಲೇ ನನ್ನ ಮುಂದಿನ ಪ್ರಶ್ನೆ. ಪುಸ್ತಕದಲ್ಲಿ ಗಾಳಿಯಂತ್ರ ರಿಪೇರಿ ಅಷ್ಟೊಂದು ಯಾಕೆ ಬರುತ್ತೆ? ಪಂಪಿನೊಳಗೆ ಚರ್ಮ ಬದಲಿಸೋದು ಅಂದ್ರೆ ಏನು?

ಬೋರ್‌ವೆಲ್_ಬಸ್ಯಾ
ಮೇಡಂನೋರ, ಅದು ಕರೆಂಟ್ ಮಾಡೂ ಫ್ಯಾನ್ ಅಲ್ರಿ, ನೀರ ಎತ್ತೂದು. ನಮ್ಮ ಊರಾಗಿನ ಮಾರ್ಕ್-2 ಕೈಪಂಪ ನೋಡೀರಿಲ್ಲೋ, ಹಿಡಿಕಿ ತಗದು ಅದರ ಜಾಗಾದಾಗ ಗಾಳಿ ಚಕ್ರ ಇಟ್ರ ಅದ ಆತು. ಒಳಗಿನ ಸಾಮಾನು ಬಹುತೇಕ ಒಂದ.

ಮ್ಯಾಲ ಚಕ್ರ. ಏರ್‌ಮೋಟರ್ ಕಂಪನಿದು 8 ಅಡಿ ಚಕ್ರ ಅಂದ್ರ 18 ತಗಡಿನ ರೆಕ್ಕಿ. ಅದರ ಹಿಂದ ಎಣ್ಣಿ ತುಂಬಿದ ಗೇರ್ ಪೆಟ್ಟಿಗಿ. ಚಕ್ರ ಮೂರು ಸುತ್ತಿಗಿಂತ ತುಸು ಹೆಚ್ಚು ತಿರುಗಿದ್ರ ಸರಳು ಒಮ್ಮೆ ಮ್ಯಾಲ ಹೋಗಿ ಕೆಳಗ ಬರ್ತದ. ಸರಳು ಪೈಪಿನೊಳಗ ಹಾದು ಬಾವಿ ತಳದ ಸಿಲಿಂಡರಿಗೆ ಹೋಗ್ತದ. ಸಿಲಿಂಡರಿನಾಗ ಮ್ಯಾಲ ಕೆಳಗ ಆಡೂ ಪ್ಲಂಜರ್, ಪ್ಲಂಜರಿಗೆ ಬಟ್ಟಲ ಆಕಾರದ ತೊಗಲಿನ ವಾಷರ್. ಎಲ್ಲಾದರ ಕೆಳಗ ಫುಟ್ ವಾಲ್ವ್, ಅಂದ್ರ ಏರಿದ ನೀರ ವಾಪಸ್ ಇಳಿಯದಂಗ ತಡಿಯೂ ಮುಚ್ಚಳ. ಪ್ಲಂಜರ್ ಮ್ಯಾಲ ಬರೂವಾಗ ನೀರಿನ ಭಾರಕ್ಕ ತೊಗಲು ಅರಳಿ ಸಿಲಿಂಡರ್ ಗ್ವಾಡಿಗೆ ಒತ್ತಿ ನಿಲ್ತದ, ನೀರ ಸೋರಗೊಡೂದಿಲ್ಲ. ಕೆಳಗ ಇಳಿವಾಗ ಸಡ್ಲ ಆಗ್ತದ. ನೀವು ಕೇಳಿದ ಚರ್ಮ ಇದ.

ಅದನ್ನ ತಿನ್ನೂದು ಮರಳು. ಬಾವ್ಯಾಗ ಸಣ್ಣ ಮರಳು ಬರಾಕ ಹತ್ತಿದ್ರ ತೊಗಲಿನ ತುಟಿ ಸವದು ಹಾಳಿ ಆಗ್ತದ. ಮೊದಲು ನೀರ ಕಡಿಮಿ, ಆಮ್ಯಾಲ ಬರೇ ತಿರುಗೂ ಸಪ್ಪಳ. ಗಾಡ್ಯಾಗ ಕುಂತ ದೂರದಿಂದ ನೋಡೇ ರೋಗ ಹೇಳಬಹುದ್ರಿ:

ಚಕ್ರ ಗಾಳಿಗಿಂತ ಜೋರ ತಿರುಗಿದಂಗ ಕಂಡ್ರ, ಭಾರನ ಇಲ್ಲದಂಗ ಹಗುರ ತಿರುಗಿದ್ರ, ಸರಳು ಮುರದದ ಇಲ್ಲಾ ಜಾಯಿಂಟ್ ಬಿಚ್ಚೇದ. ಸಾವಕಾಶ ತಿರುಗ್ತದ ಆದ್ರ ನೀರ ದಾರದಂಗ ಬರ್ತದ ಅಂದ್ರ ತೊಗಲು ಸವದದ. ಗಾಳಿ ನಿಂತು ಮತ್ತ ಶುರು ಆದಾಗ ನೀರ ಬರಾಕ ಬಾಳ ಹೊತ್ತು ಹಿಡಿದ್ರ ಫುಟ್ ವಾಲ್ವ್ ಸೋರಾಕ ಹತ್ತೇದ, ಪೈಪಿನ ನೀರ ವಾಪಸ್ ಬಾವಿಗೆ ಇಳದದ. ಪೈಪಿಗೆ ತೂತ ಬಿದ್ರೂ ಹಂಗ ಆಗ್ತದ.

ತೊಗಲು ಹಾಕೂ ಕೆಲಸ: ಮೊದಲು ಚಕ್ರದ ಬ್ರೇಕ್ ಹಾಕಿ ಕಟ್ಟಬೇಕು. ಇದನ್ನ ಬಿಟ್ಟು ಮ್ಯಾಲ ಹತ್ತಿದಾವ ಕೈ ಕಳಕೊಂತಾನ, ಇಲ್ಲಾ ಕೆಳಗ ಬೀಳ್ತಾನ. ಗೋಪುರಕ್ಕ ರಾಟಿ ಕಟ್ಟಿ ಹಗ್ಗದಿಂದ, ಇಲ್ಲಾ ಗಾಡಿ ಹಿಂದಕ್ಕ ಮುಂದಕ್ಕ ಮಾಡಿ ಸರಳು ಎಳೀಬೇಕು. ಒಂದೊಂದು ತುಂಡು ಮ್ಯಾಲ ಬಂದಂಗ ಕೆಳಗಿಂದನ್ನ ಪಕ್ಕಡದಿಂದ ಕಚ್ಚಿ ಹಿಡದು ಜಾಯಿಂಟ್ ಬಿಚ್ಚೂದು. ಪಕ್ಕಡ ಜಾರಿತಂದ್ರ ಇಡೀ ಸರಳಿನ ಸಾಲು ಬಾವಿ ತಳಕ್ಕ. ಅದನ್ನ ಹಿಡಿಯಾಕ ಕೊಕ್ಕಿ ಇಳಿಬಿಟ್ಟು ತಡಕಾಡಬೇಕು, ಎರಡು ದಿನ ಹೋದ್ರೂ ಹೋತು. ಪೈಪು ಸಿಲಿಂಡರಿಗಿಂತ ಅಗಲ ಇದ್ರ ಪ್ಲಂಜರ್ ಪೈಪಿನೊಳಗಿಂದನ ಮ್ಯಾಲ ಬರ್ತದ. ಪೈಪು ಸಣ್ಣದಿದ್ರ ಪೈಪನ್ನೂ ಎಳೀಬೇಕು, ಅಲ್ಲಿಗೆ ಕೆಲಸ ಮೂರು ಪಟ್ಟು. ಹೊಸ ತೊಗಲನ್ನ ಒಣಾದನ್ನ ಹಾಕಬಾರದು, ಬಿರಿತದ. ನೀರಾಗ ನೆನೆಹಾಕಿ ಮೆತ್ತಗ ಮಾಡಿ ಹಾಕಬೇಕು. ಬಟ್ಟಲದ ಬಾಯಿ ಮ್ಯಾಲ ಮುಖ ಮಾಡಿರಬೇಕು. ಉಲ್ಟಾ ಹಾಕಿದ್ರ ಒಂದು ಹನಿನೂ ಎತ್ತೂದಿಲ್ಲ, ಮತ್ತ ಮೊದಲಿಂದ ಎಳೀರಿ.

ಗೇರ್ ಪೆಟ್ಟಿಗಿ ಎಣ್ಣಿ ವರ್ಷಕ್ಕೊಮ್ಮೆ. ಅದಕ್ಕ ಗೋಪುರ ಹತ್ತಲೇಬೇಕು.

ಟುಸಾನ್_ಕನ್ನಡಿಗ
ಬಸಣ್ಣ ಹೇಳಿದ್ದಕ್ಕೆ ನೀರಿನ ಲೆಕ್ಕ ಸೇರಿಸ್ತೀನಿ, ಆಗ ಹ್ಯಾರಿ ಡೇ ಯಾಕೆ ಇದರ ಹಿಂದೆಯೇ ಓಡಾಡ್ತಿದ್ರು ಅಂತ ಗೊತ್ತಾಗುತ್ತೆ.

8 ಅಡಿ ಚಕ್ರ, 2 ಅಂಗುಲದ ಸಿಲಿಂಡರ್, 140 ಅಡಿ ಎತ್ತೋದು ಅಂದ್ರೆ ಒಳ್ಳೇ ಗಾಳಿಯಲ್ಲಿ ಗಂಟೆಗೆ 700 ಲೀಟರ್ ಆಸುಪಾಸು. ಕರು ಇರೋ ಹಸು ಆ ಬಿಸಿಲಲ್ಲಿ ದಿನಕ್ಕೆ 60-70 ಲೀಟರ್ ಕುಡಿಯುತ್ತೆ. ಒಂದು ಬಾವಿ ನಂಬಿಕೊಂಡು ನೂರು ಹಸು ಇದ್ರೆ ಹತ್ತು ಗಂಟೆ ಚೆನ್ನಾಗಿ ಗಾಳಿ ಬೀಸಲೇಬೇಕು. ಗಾಳಿ ನಿಲ್ಲೋ ದಿನಗಳೂ ಬರ್ತವೆ, ಅದಕ್ಕೇ ಪಕ್ಕದಲ್ಲಿ ಮೂರ್ನಾಲ್ಕು ದಿನಕ್ಕಾಗೋಷ್ಟು ನೀರು ಹಿಡಿಯೋ ದೊಡ್ಡ ತೊಟ್ಟಿ. ಈಗ ಲೆಕ್ಕ ಹಾಕಿ: ತೊಗಲು ಹೋದದ್ದು ಗೊತ್ತಾಗೋಕೆ ಯಾರಾದ್ರೂ ಅಲ್ಲಿಗೆ ಹೋಗಿ ನೋಡಬೇಕು. ತೊಟ್ಟಿ ಖಾಲಿಯಾದ ಮೇಲೆ ದನ ಬೇರೆ ಬಾವಿ ಹುಡುಕಿಕೊಂಡು ಹೋಗಲ್ಲ, ಗೊತ್ತಿರೋ ತೊಟ್ಟಿ ಸುತ್ತಲೇ ನಿಲ್ತವೆ, ಅಲ್ಲೇ ಬೀಳ್ತವೆ. ಇಂಥ ಬಾವಿಗಳು ಹತ್ತಾರು, ಒಂದಕ್ಕೂ ಇನ್ನೊಂದಕ್ಕೂ ಮೈಲಿಗಟ್ಟಲೆ ದೂರ. ದಿನಾ ಸುತ್ತೋದು ತಪ್ಪಿಸಿದ್ರೆ ನಡೆಯಲ್ಲ. ಮಗಳನ್ನ ಪಕ್ಕದಲ್ಲಿ ಕೂರಿಸಿಕೊಂಡು ಹೋಗ್ತಿದ್ದ ಆ ಸುತ್ತಾಟ ಹವಾ ತಿನ್ನೋಕೆ ಹೋದದ್ದಲ್ಲ.

ಜೋರು ಗಾಳಿ ಬಂದಾಗ ಬಾಲದ ರೆಕ್ಕೆ ತಾನಾಗಿ ಮಡಚಿಕೊಂಡು ಚಕ್ರವನ್ನ ಗಾಳಿಗೆ ಓರೆ ಮಾಡುತ್ತೆ. ಅದರ ಸ್ಪ್ರಿಂಗ್ ತೀರಾ ಬಿಗಿಯಾಗಿದ್ರೆ ಬಾಲ ಮಡಚದೆ ಚಕ್ರ ಹುಚ್ಚೆದ್ದು ತಿರುಗಿ ಸರಳು ಮುರಿಯುತ್ತೆ, ಕೆಲವು ಸಲ ಚಕ್ರವೇ ಕಿತ್ತು ಬರುತ್ತೆ.

ಗ್ಯಾರೇಜ್_ಗುಂಡ
ಲೇಜಿ ಬಿ ಅಂತ ಹೆಸರು ಯಾಕೆ? ಸೋಮಾರಿ ಬಿ?

ದನದ_ಡಾಕ್ಟ್ರು
ದನದ ಮೈಮೇಲಿನ ಮುದ್ರೆಯ ಹೆಸರದು. ಅಕ್ಷರ ಅಡ್ಡ ಮಲಗಿದ್ದರೆ ‘ಲೇಜಿ’, ಅಷ್ಟೇ. ಮುದ್ರೆ ಓದೋದು ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ.

ಈ ಅಕ್ಷರದಲ್ಲಿ ಒಂದು ತಾಪತ್ರಯ ಇದೆ. ಬಿ ಅಂದ್ರೆ ಎರಡು ಮುಚ್ಚಿದ ಹೊಟ್ಟೆ. ಮುಚ್ಚಿದ ಜಾಗದಲ್ಲಿ ಶಾಖ ನಿಂತು ಒಳಗಿನ ಚರ್ಮವೂ ಬೆಂದು, ಮಾದ ಮೇಲೆ ಅಕ್ಷರದ ಬದಲು ಬೋಳು ಕಲೆ ಉಳಿಯುತ್ತೆ. ಅದಕ್ಕೇ ಗೆರೆಗಳು ಕೂಡೋ ಜಾಗದಲ್ಲಿ ಕಬ್ಬಿಣಕ್ಕೆ ಸಣ್ಣ ಕಚ್ಚು ಬಿಡೋದು ಒಳ್ಳೇ ಕಮ್ಮಾರನ ಕೆಲಸ. ಕಬ್ಬಿಣ ಕೆಂಪಗೆ ಕಾಯಬಾರದು. ಕೆಂಪಗಿದ್ದರೆ ಕೂದಲಿಗೇ ಬೆಂಕಿ ಹತ್ತುತ್ತೆ, ಗಾಯ ಆಳ ಆಗುತ್ತೆ. ಕಪ್ಪಗಿದ್ದರೆ ಶಾಖ ಸಾಲದು, ಚರ್ಮಕ್ಕೆ ಅಂಟಿಕೊಳ್ಳುತ್ತೆ. ಬೂದಿ ಬಣ್ಣ ಬಂದಾಗ ಸರಿ. ಮೂರರಿಂದ ಐದು ಸೆಕೆಂಡ್ ಒತ್ತಿ, ಹಿಡಿಯನ್ನ ಸ್ವಲ್ಪವೇ ತೂಗಾಡಿಸಿ ಎತ್ತಬೇಕು. ಒತ್ತಿದ ಜಾಗ ಹದ ಮಾಡಿದ ಹೊಸ ಚರ್ಮದ ಬಣ್ಣಕ್ಕೆ ಬಂದಿದ್ದರೆ ಮುಗೀತು. ಮಳೆಗೆ ನೆಂದ ಕರುವಿಗೆ ಮುದ್ರೆ ಹಾಕಲೇಬಾರದು, ಹಬೆ ಎದ್ದು ಸುತ್ತಲೂ ಸುಟ್ಟು ಅಕ್ಷರ ಕಲಸಿಹೋಗುತ್ತೆ. ಕರು ಬೆಳೆದ ಹಾಗೆ ಮುದ್ರೆಯೂ ಅಗಲ ಆಗೋದರಿಂದ ಮೊದಲು ಚಿಕ್ಕದಾಗಿಯೇ ಇರಬೇಕು.

ಹೂಂ_ಆದ್ರೆ
ಸಣ್ಣ ಹುಡುಗಿ ದೊಡ್ಡವರ ಜೀನಿನ ಮೇಲೆ ಇಡೀ ದಿನ ಹೇಗೆ ಕೂತಿರ್ತಾಳೆ? ನಂಬೋಕಾಗಲ್ಲ.

ಟುಸಾನ್_ಕನ್ನಡಿಗ
ಜೀನು ದೊಡ್ಡದಾದ್ರೂ ಕಾಲಿಡೋ ರಿಕಾಪನ್ನ ಮೇಲೆ ಎತ್ತಿ ಕಟ್ಟಬಹುದು. ಅದರಲ್ಲಿ ಎದ್ದು ನಿಂತಾಗ ಸವಾರನ ಪೃಷ್ಠಕ್ಕೂ ಜೀನಿಗೂ ನಡುವೆ ನಾಲ್ಕು ಬೆರಳು ಸಂದಿ ಇದ್ದರೆ ಅಳತೆ ಸರಿ. ಪಾದ ಪೂರ್ತಿ ಒಳಗೆ ತೂರಬಾರದು, ಬಿದ್ದಾಗ ಸಿಕ್ಕಿಕೊಂಡ್ರೆ ಕುದುರೆ ಎಳಕೊಂಡು ಹೋಗುತ್ತೆ. ಹಿಮ್ಮಡಿ ಇರೋ ಬೂಟು ಅದಕ್ಕೇ. ಹೊಟ್ಟೆಪಟ್ಟಿ ಬಿಗಿಯೋವಾಗ ಹಳೇ ಕುದುರೆಗಳು ಉಸಿರು ಹಿಡಿದು ಹೊಟ್ಟೆ ಉಬ್ಬಿಸ್ತವೆ. ಹತ್ತಿಪ್ಪತ್ತು ಹೆಜ್ಜೆ ನಡೆಸಿ ಇನ್ನೊಂದು ಸಲ ಬಿಗೀಬೇಕು. ಹಾಗೆ ಮಾಡದೆ ಹತ್ತಿದ್ರೆ ಜೀನು ಸವಾರನ ಸಮೇತ ಹೊಟ್ಟೆ ಕೆಳಗೆ. ಮಕ್ಕಳಿಗೆ ಕೊಡೋದು ವಯಸ್ಸಾದ, ದನ ಕಂಡ್ರೆ ತಾನೇ ತಿರುಗೋ ಕುದುರೆ. ಅರ್ಧ ಕೆಲಸ ಅದೇ ಮಾಡುತ್ತೆ.

ಓದುಗಮ್ಮ_ಮೈಸೂರು
ಅಲ್ಲಿಯ ದನ ಯಾವ ತಳಿ? ನಮ್ಮ ಕಡೆಯ ತಳಿ ಅಮೆರಿಕಕ್ಕೆ ಹೋಗಿದೆ ಅಂತ ಯಾರೋ ಹೇಳಿದ್ರು, ನಿಜವಾ?

ದನದ_ಡಾಕ್ಟ್ರು
ಲೇಜಿ ಬಿಯಲ್ಲಿ ಹೆರೆಫೋರ್ಡ್, ಕೆಂಪು ಮೈ ಬಿಳಿ ಮುಖದ್ದು. ಕಣ್ಣಿನ ಸುತ್ತ ಬಣ್ಣ ಇಲ್ಲದ ಕಾರಣ ಆ ಬಿಸಿಲಿಗೆ ಕಣ್ಣಿನ ಕ್ಯಾನ್ಸರ್ ಈ ತಳಿಯ ದೊಡ್ಡ ಕಾಟ. ಹಿಂಡು ನೋಡುವಾಗ ಕಣ್ಣಂಚಲ್ಲಿ ಗಂಟು ಇದೆಯಾ ಅಂತ ನೋಡಿ, ಇದ್ದರೆ ಬೇಗ ಮಾರಾಟಕ್ಕೆ ತೆಗೀತಾರೆ.

ನೀವು ಕೇಳಿದ್ದೂ ನಿಜ, ಆದ್ರೆ ಅದು ಬೇರೆ ಕಥೆ. ಟೆಕ್ಸಸ್ ಕರಾವಳಿಯ ಸೆಕೆಗೆ, ಉಣ್ಣೆ ಹುಳದ ಕಾಟಕ್ಕೆ ಯುರೋಪಿನ ತಳಿಗಳು ತಡೀತಿರಲಿಲ್ಲ. 1906ರಲ್ಲಿ ಭಾರತದಿಂದ ನೇರವಾಗಿ ದನ ತರಿಸಿದರು. ಮುಂದೆ ಅಮೆರಿಕನ್ ಬ್ರಾಹ್ಮನ್ ಅಂತ ರೂಪುಗೊಂಡ ತಳಿಯಲ್ಲಿ ಗಿರ್, ಕಾಂಕ್ರೇಜ್, ಓಂಗೋಲ್ ಜೊತೆ ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಕೃಷ್ಣಾ ಕಣಿವೆ ತಳಿಯ ರಕ್ತವೂ ಇದೆ. ಇಲ್ಲಿ ಆ ತಳಿ ಈಗ ಕೆಲವೇ ಉಳಿದಿವೆ.

ಓದುಗಮ್ಮ_ಮೈಸೂರು
ಬಸಣ್ಣೋರೇ, ಬಳಗದವರಿಗೆ ಕೈಯಲ್ಲಿ ಹಿಡಿದು ತೋರಿಸೋಕೆ ಆ ತೊಗಲಿನ ವಾಷರ್ ಒಂದು ಬೇಕಿತ್ತು. ಎಲ್ಲಿ ಸಿಗುತ್ತೆ?

ಬೋರ್‌ವೆಲ್_ಬಸ್ಯಾ
ತೊಗಲಿಂದು ಈಗ ಸಿಗೂದು ಕಡಿಮಿರಿ ಮೇಡಂ. ಕೈಪಂಪಿಗೆ ಈಗ ನೈಟ್ರೈಲ್ ರಬ್ಬರಿನ ಕಪ್ ವಾಷರ್ ಬರ್ತಾವ, ಆಕಾರ ಅದ. ಪಂಚಾಯ್ತಿಯ ಕೈಪಂಪ ರಿಪೇರಿ ಮೆಕ್ಯಾನಿಕ್‌ಗೆ ಕೇಳ್ರಿ, ಸವದದ್ದು ಒಂದು, ಹೊಸಾದು ಒಂದು ಎರಡೂ ತಗೊಂಡ ಬರ್ರಿ. ಬಾಜೂಕ ಬಾಜೂ ಇಟ್ಟು ತುಟಿ ಮುಟ್ಟಿ ನೋಡಿಸ್ರಿ. ಮಾರ್ಕ್-2 ಸಿಲಿಂಡರಿಂದು 63.5 ಮಿಲಿಮೀಟರ್, ಆ ಅಳತಿ ಹೇಳಿ ಕೇಳ್ರಿ, ಇಲ್ಲಾಂದ್ರ ಬ್ಯಾರೇನರ ಕೊಟ್ಟ ಕಳಸ್ತಾರ.